ಇಸ್ತ್ರಿ ಪೆಟ್ಟಿಗೆ ಮಗುಚಿ, ನಿಂಬೆ ಉಪ್ಪು ಕಾಯಿಸಿ

ಎಡವಟ್ಟು ಶುರುವಾಗಿದ್ದು ಒಂದು ಗೀಸರ್ ಎಲಿಮೆಂಟಿನಿಂದ. ಚಿಕ್ಕಬಳ್ಳಾಪುರದಲ್ಲಿ ನನ್ನದು ಮಿಕ್ಸಿ, ಗೀಸರ್, ಮೋಟಾರು ರಿಪೇರಿ ಅಂಗಡಿ. ಈ ಕಡೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಹೋಗಿವೆ. ಅಲ್ಲಿಂದ ಬರೋ ನೀರು ಎಷ್ಟು ಗಡಸು ಅಂದರೆ, ಎರಡು ವರ್ಷ ಓಡಿದ ಎಲಿಮೆಂಟ್ ಹೊರಗೆ ತೆಗೆದರೆ ಒಳಗೆ ತಾಮ್ರದ ಕೊಳವೆ ಇದೆ ಅನ್ನೋದೇ ಕಾಣಲ್ಲ, ಸುಣ್ಣದಲ್ಲಿ ಅದ್ದಿ ತೆಗೆದ ಹಾಗಿರುತ್ತೆ. ಸುತ್ತಿಗೆಯಲ್ಲಿ ತಟ್ಟಿದರೆ ಕೊಳವೆ ಸೀಳುತ್ತೆ. ಅದಕ್ಕೇ ನಾನು ನಿಂಬೆ ಉಪ್ಪಿನ ನೀರಲ್ಲಿ ನೆನೆಹಾಕಿಡೋದು.

ಅವತ್ತು ಗಿರಾಕಿ ಸಂಜೆಗೇ ಬೇಕು ಅಂತ ಕೂತರು. ನೆನೆಹಾಕೋಕೆ ಪುರುಸೊತ್ತಿಲ್ಲ, ಕಾಯಿಸಿ ಬೇಗ ಮುಗಿಸೋಣ ಅಂತ ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟು, ಕಾಲು ಕೆಜಿ ನಿಂಬೆ ಉಪ್ಪು ಸುರಿದು ಸ್ಟೌವ್ ಹಚ್ಚಿದೆ. ಅಷ್ಟರಲ್ಲಿ ಮಿಕ್ಸಿ ಜಾರಿನ ಬುಷ್ ಹಿಡಿದು ಇನ್ನೊಬ್ಬರು ಬಂದರು, ಮಾತು ಬೆಳೀತು, ಪಾತ್ರೆ ಮರೆತುಹೋಯಿತು. ಗಂಟಲಲ್ಲಿ ಏನೋ ಚುಚ್ಚಿದ ಹಾಗಾದಾಗ ತಿರುಗಿ ನೋಡಿದರೆ ನೀರೆಲ್ಲ ಇಂಗಿ, ತಳದಲ್ಲಿ ಜೇನಿನ ಬಣ್ಣದ್ದೇನೋ ಗುಳುಗುಳು ಅಂತಿದೆ. ಎಲಿಮೆಂಟ್ ಅದೃಷ್ಟಕ್ಕೆ ಇನ್ನೂ ಒಳಗೆ ಹಾಕಿರಲಿಲ್ಲ. ಪಾತ್ರೆ ಮನೆಯಿಂದ ತಂದದ್ದು, ಆ ರಾಮಾಯಣ ಆಮೇಲೆ.

ಮಗಳು ಬಿಎಸ್ಸಿ ಕೆಮಿಸ್ಟ್ರಿ ಓದ್ತಿದ್ದಾಳೆ. ಶನಿವಾರ ಬಂದವಳು ಪಾತ್ರೆ ತಳ ನೋಡಿದಳು. ತಣ್ಣಗಾದ ಮೇಲೆ ಅದು ಗಾಜಿನ ಹಾಗೆ ಗಟ್ಟಿ, ಬೆರಳು ಒತ್ತಿದರೆ ಅಂಟಂಟು.

“ಸೀದು ಹೋಯ್ತು ಕಣಮ್ಮ,” ಅಂದೆ.

“ಸೀದಿಲ್ಲ ಅಪ್ಪಾ, ಸೀದಿದ್ರೆ ಕಪ್ಪಾಗಿ ಇದ್ದಿಲಾಗಿರ್ತಿತ್ತು. ಇದರೊಳಗಿಂದ ನೀರು ಹೋಗಿದೆ.”

“ನೀರು ಹೋಗಿದ್ದು ನಂಗೂ ಗೊತ್ತು.”

“ನೀನು ಹಾಕಿದ ನೀರಲ್ಲಪ್ಪಾ. ನಿಂಬೆ ಉಪ್ಪಿನ ಅಣುವಿನೊಳಗಿಂದಾನೇ.”

ಇಲ್ಲಿಂದ ಮುಂದಿನ ನಾಲ್ಕು ಭಾನುವಾರ ಹೋದವು.

ಅವಳು ಬಿಲ್ ಪುಸ್ತಕದ ಹಿಂದೆ ಬರೆದ ಲೆಕ್ಕ ಇದು. ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಮ್ಲ, ಅದರ ಅಣುತೂಕ 192. ಹರಳಿನೊಳಗೆ ಒಂದು ನೀರು ಸೇರಿಕೊಂಡಿರೋ ಬಗೆಯದಾದರೆ 210. ಇದನ್ನ 175 ಡಿಗ್ರಿಯ ಹತ್ತಿರ ಕಾಯಿಸಿದರೆ ನಡುವಿನ ಇಂಗಾಲಕ್ಕೆ ಅಂಟಿದ ಹೈಡ್ರಾಕ್ಸಿಲ್ಲು (ಒಂದು ಆಮ್ಲಜನಕ, ಒಂದು ಹೈಡ್ರೋಜನ್ನಿನ ಜೋಡಿ), ಪಕ್ಕದ ಇಂಗಾಲದ ಒಂದು ಹೈಡ್ರೋಜನ್ನು ಜೊತೆಯಾಗಿ ನೀರಾಗಿ ಎದ್ದುಹೋಗುತ್ತವೆ. ಬಿಟ್ಟ ಜಾಗದಲ್ಲಿ ಆ ಎರಡು ಇಂಗಾಲಗಳ ನಡುವೆ ಜೋಡಿ ಕೊಂಡಿ, ಅಂದರೆ ದ್ವಿಬಂಧ ಕೂರುತ್ತೆ. ಅದೇ ಅಕೋನಿಟಿಕ್ ಆಮ್ಲ, ಅಣುತೂಕ 174. ಇನ್ನೂ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ 44 ಕಿತ್ತುಕೊಂಡು ಹೋಗಿ 130ರ ಇಟಕೋನಿಕ್ ಆಮ್ಲ. ಅದೂ ಬಿಸಿಯಲ್ಲಿ ಹಾಗೇ ನಿಲ್ಲಲ್ಲ, ಮತ್ತೊಂದು ನೀರು ಬಿಟ್ಟು 112ರ ಅನ್‌ಹೈಡ್ರೈಡ್ ಆಗುತ್ತೆ. 192, 174, 130, 112. ನನಗೆ ಕೆಮಿಸ್ಟ್ರಿ ಗೊತ್ತಿಲ್ಲ, ತಕ್ಕಡಿ ಗೊತ್ತು. ಪ್ರತಿ ಮೆಟ್ಟಿಲಿಗೂ ಇಷ್ಟಿಷ್ಟು ತೂಕ ಇಳಿಯಬೇಕು ಅಂದರೆ ತೂಗಿ ನೋಡಬಹುದಲ್ಲ? ಬೇಕಾಗಿದ್ದು ಎರಡೇ: ಬೆಳ್ಳಿ ಅಂಗಡಿಯವರು ಇಟ್ಟುಕೊಳ್ಳೋ ಥರದ 0.01 ಗ್ರಾಂ ತೋರಿಸೋ ಪುಟ್ಟ ಸ್ಕೇಲು, ಮತ್ತೆ 175 ಅಂದರೆ 175ರಲ್ಲೇ ನಿಲ್ಲೋ ಒಂದು ಒಲೆ.

ಸ್ಟೌವಿನಲ್ಲಿ ಅದು ಆಗೋ ಮಾತಲ್ಲ. ಮೂಲೆಯಲ್ಲಿ ಯಾರೋ ಬಿಟ್ಟುಹೋದ 750 ವಾಟ್ ಇಸ್ತ್ರಿ ಪೆಟ್ಟಿಗೆ ಇತ್ತು. ಹಿಡಿ ಬಿಚ್ಚಿ, ತಲೆಕೆಳಗು ಮಾಡಿ, ಎರಡು ಇಟ್ಟಿಗೆ ನಡುವೆ ಕೂರಿಸಿದೆ. ಅದರದ್ದೇ ಥರ್ಮೋಸ್ಟಾಟ್ ಇಪ್ಪತ್ತು ಮೂವತ್ತು ಡಿಗ್ರಿ ಮೇಲೆ ಕೆಳಗೆ ಆಡುತ್ತೆ, ಬಟ್ಟೆಗೆ ಸಾಕು, ಇದಕ್ಕೆ ಸಾಲದು. ಅದನ್ನ ತೆಗೆದು ನೇರ ಜೋಡಿಸಿದೆ, ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯೋ ಒಳಗಿನ ಥರ್ಮಲ್ ಫ್ಯೂಸ್ ಮಾತ್ರ ಮುಟ್ಟಲಿಲ್ಲ. ಯಾರಾದರೂ ಇದನ್ನ ಮಾಡೋದಾದರೆ ಆ ಫ್ಯೂಸ್, ತಟ್ಟೆಗೆ ಅರ್ತಿಂಗ್ ವೈರು, ಇವೆರಡನ್ನ ಬಿಡಬೇಡಿ. ಹೊರಗಿನಿಂದ ಬಿಸಿಯನ್ನ ಹೇಳಿದ ಮಟ್ಟದಲ್ಲಿ ನಿಲ್ಲಿಸೋ ಒಂದು ಪಿಐಡಿ ಕಂಟ್ರೋಲರ್, ಅದು ಹೇಳಿದ ಹಾಗೆ ಕರೆಂಟ್ ಬಿಟ್ಟು ಕಡಿಯೋ ಒಂದು ಎಸ್‌ಎಸ್‌ಆರ್ ಸ್ವಿಚ್ಚು, ಬಿಸಿ ಅಳೆಯೋ ಕೆ-ಟೈಪ್ ಥರ್ಮೋಕಪಲ್ ವೈರು. ತಟ್ಟೆ ಮೇಲೆ ಹಳೇ ಟಿಫನ್ ಡಬ್ಬಿಯ ತಳ, ಅದರಲ್ಲಿ ತೊಳೆದು ಜರಡಿ ಹಿಡಿದ ಮರಳು. ಗಾಜಿನ ನಳಿಗೆ ಆ ಮರಳಿನಲ್ಲಿ ಕೂರುತ್ತೆ. ಇಸ್ತ್ರಿ ತಟ್ಟೆ ಅಲ್ಯುಮಿನಿಯಂ, ಆಮ್ಲ ಅದಕ್ಕೆ ತಾಕಬಾರದು.

ಮೊದಲ ಸಲ ಸ್ವಿಚ್ ಹಾಕಿದಾಗ ಡಿಸ್‌ಪ್ಲೇಯಲ್ಲಿ 27 ಇದ್ದದ್ದು 24, 19, 11 ಅಂತ ಇಳೀತಾ ಹೋಯಿತು. ಕೈಯಿಟ್ಟರೆ ತಟ್ಟೆ ಸುಡ್ತಿದೆ! ಥರ್ಮೋಕಪಲ್ ತಿರುಗುಮುರುಗು ಸಿಕ್ಕಿಸಿದ್ದೆ. ಇದು ನಗುವ ವಿಷಯವಲ್ಲ, ಯಾಕಂದರೆ ಕಂಟ್ರೋಲರ್‌ಗೆ “ಇನ್ನೂ ತಣ್ಣಗಿದೆ” ಅಂತಲೇ ಕಂಡು ಪೂರ್ತಿ ಕರೆಂಟ್ ಬಿಡ್ತಾನೇ ಇರುತ್ತೆ. ಥರ್ಮಲ್ ಫ್ಯೂಸ್ ಬಿಡಬೇಡಿ ಅಂದದ್ದು ಇದಕ್ಕೇ. ವೈರು ಅದಲುಬದಲು ಮಾಡಿದ ಮೇಲೆ ಸರಿಹೋಯಿತು. ಆಮೇಲೆ 150ಕ್ಕೆ ಸೆಟ್ ಮಾಡಿದರೆ 188ಕ್ಕೆ ಹೋಗಿ ನಿಂತಿತು. ತಟ್ಟೆ ಬೇಗ ಕಾಯುತ್ತೆ, ಮರಳು ನಿಧಾನ, ಥರ್ಮೋಕಪಲ್ ಇರೋದು ಮರಳಿನಲ್ಲಿ. ಅದಕ್ಕೆ ಸುದ್ದಿ ಮುಟ್ಟೋ ಹೊತ್ತಿಗೆ ತಟ್ಟೆ ಬೇಕಾದ್ದಕ್ಕಿಂತ ಜಾಸ್ತಿ ಬಿಸಿ ತುಂಬಿಕೊಂಡಿರುತ್ತೆ. ಕಂಟ್ರೋಲರ್ ತನ್ನನ್ನ ತಾನೇ ಹೊಂದಿಸಿಕೊಳ್ಳೋ ಆಟೋಟ್ಯೂನ್ ಎರಡು ಸಲ ಓಡಿಸಿದೆ, ಅಷ್ಟೇನೂ ಸುಧಾರಿಸಲಿಲ್ಲ. ಕೊನೆಗೆ ನಮ್ಮ ಹಳೇ ವಿದ್ಯೆ: ಸೀರೀಸಿನಲ್ಲಿ ಒಂದು 6 ಆಂಪಿಯರ್ ಡಯೋಡ್. ಅರ್ಧ ಅಲೆ ಮಾತ್ರ ಹೋಗುತ್ತೆ, 750 ವಾಟ್ ಅರ್ಧಕ್ಕೆ ಇಳಿಯುತ್ತೆ. ಮರಳನ್ನ ಎರಡು ಬೆರಳಿಂದ ಒಂದು ಬೆರಳಿಗೆ ಇಳಿಸಿದೆ. ಈಗ ಮೂರು ಡಿಗ್ರಿ ಮೀರುತ್ತೆ, ಹತ್ತು ನಿಮಿಷಕ್ಕೆ ಬಂದು ನಿಲ್ಲುತ್ತೆ.

ಡಿಸ್‌ಪ್ಲೇ ತೋರಿಸೋದು ನಿಜಾನಾ ಅನ್ನೋದು ಬೇರೆ ಪ್ರಶ್ನೆ. ಕುದಿಯೋ ನೀರಲ್ಲಿ ಅದ್ದಿದೆ, 97 ತೋರಿಸಿತು. ಮೂರು ಡಿಗ್ರಿ ಕಮ್ಮಿ ಅಂತ ತಿದ್ದೋಕೆ ಹೊರಟಿದ್ದೆ, ಮಗಳು ಕೈ ಹಿಡಿದಳು. ನಮ್ಮೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಕುದಿಯೋದೇ 97ರ ಆಸುಪಾಸಿನಲ್ಲಿ. ನಂದಿ ಬೆಟ್ಟದ ಮೇಲೆ ಹೋದರೆ ಇನ್ನೂ ಕಮ್ಮಿ. ಮೇಲಿನ ಕಡೆಗೆ ನನ್ನ ಹತ್ತಿರ ಅದಕ್ಕಿಂತ ಒಳ್ಳೆ ಗುರುತು ಇತ್ತು: 63/37 ಸೋಲ್ಡರ್. ತವರ ಮತ್ತು ಸೀಸ ಆ ಪ್ರಮಾಣದಲ್ಲಿದ್ದರೆ ಸರಿಯಾಗಿ 183 ಡಿಗ್ರಿಗೆ ಒಮ್ಮೆಲೇ ಕರಗುತ್ತೆ. ಥರ್ಮೋಕಪಲ್ ತುದಿಗೆ ಒಂದು ಚೂರು ಸುತ್ತಿ ಮರಳಿನಲ್ಲಿ ಹೂತು ನಿಧಾನ ಏರಿಸಿದೆ. ಎಳೆದು ನೋಡ್ತಾ ಹೋದರೆ 184ರಲ್ಲಿ ಮಣಿಯಾಗಿ ಉದುರಿತು. ಸಾಕು.

ಎರಡನೇ ಭಾನುವಾರ ನಿಂಬೆ ಉಪ್ಪು ಬಂತು, ಗ್ರಂದಿಗೆ ಅಂಗಡಿಯ ಬಿಡಿ ಪುಡಿ, ಕಾಗದದಲ್ಲಿ ಕಟ್ಟಿದ್ದು. ಹರಳಿನ ನೀರು ಸೇರಿದ ಬಗೆ ಅಂತಲೇ ಲೆಕ್ಕ ಹಾಕಿ 10.50 ಗ್ರಾಂ ತೂಗಿದೆ. ಅರವತ್ತು ಡಿಗ್ರಿಯಲ್ಲಿ ರಾತ್ರಿಯೆಲ್ಲ ಇಟ್ಟರೆ 0.90 ಗ್ರಾಂ ನೀರು ಹೋಗಿ 9.60 ಉಳೀಬೇಕು. ಬೆಳಿಗ್ಗೆ ನೋಡಿದರೆ 10.46. ಅಂದರೆ ಅಂಗಡಿಯ ಪುಡಿ ಮೊದಲೇ ಒಣಗಿದ ಬಗೆ, ಅದರೊಳಗೆ ಹರಳಿನ ನೀರೇ ಇರಲಿಲ್ಲ. ಒಂದು ರಾತ್ರಿಯ ಕರೆಂಟ್ ದಂಡ, ಒಂದು ಮೆಟ್ಟಿಲು ಉಳಿತಾಯ. ಹೊಸದಾಗಿ 9.60 ಗ್ರಾಂ ತೂಗಿ ದಪ್ಪ ನಳಿಗೆಗೆ ಹಾಕಿದೆ. ಇಳಿಯಬೇಕಾದ ಮೆಟ್ಟಿಲುಗಳು: 8.70, 6.50, 5.60.

ಅಂಗಳದಲ್ಲೇ ಮಾಡಿದೆ, ಗಾಳಿಗೆ ಬೆನ್ನು ಕೊಟ್ಟು, ಗ್ರೈಂಡಿಂಗ್ ಕನ್ನಡಕ ಹಾಕಿ. ಗಂಟಲು ಚುಚ್ಚಿದ ನೆನಪು ಇನ್ನೂ ಇತ್ತು. 150 ದಾಟುತ್ತಿದ್ದ ಹಾಗೆ ಪುಡಿ ಅಂಚಿನಿಂದ ಒದ್ದೆಯಾಯಿತು, ಐದು ನಿಮಿಷಕ್ಕೆ ನೀರಿನಷ್ಟು ತಿಳಿ. ಒಣ ಸಿಟ್ರಿಕ್ ಆಮ್ಲ ಕರಗೋದು 153ಕ್ಕೆ. ಅಲ್ಲಿ ಗುಳ್ಳೆ ಇಲ್ಲ, ಬರೀ ಕರಗಿದ್ದು. 175ಕ್ಕೆ ಏರಿಸಿದ ಮೇಲೆ ತಳದಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು, ನಳಿಗೆಯ ಮೇಲಿನ ತಣ್ಣನೆ ಭಾಗದಲ್ಲಿ ಹನಿ ಕಟ್ಟಿತು. ಆ ಹನಿ ಜಾರಿ ಮತ್ತೆ ಒಳಗೆ ಬೀಳ್ತಿತ್ತು, ಬಿದ್ದಾಗ ಚುಯ್ ಅಂತಿತ್ತು. ಕಡ್ಡಿಗೆ ಹತ್ತಿ ಸುತ್ತಿ ಒರೆಸ್ತಾ ಕೂತೆ. ಅವತ್ತಿನ ಮುಖ್ಯ ಕೆಲಸವೇ ಅದು, ಹತ್ತಿ ಸುತ್ತೋದು, ಒರೆಸೋದು. ಹೊರಟ ನೀರನ್ನ ತೆಗೆಯದಿದ್ದರೆ ತೂಕ ಎಲ್ಲಿಂದ ಇಳೀಬೇಕು?

ಅರ್ಧರ್ಧ ಗಂಟೆಗೆ ತೆಗೆದು, ಪೂರ್ತಿ ಆರಿಸಿ, ತೂಗಿದೆ. ಬಿಸಿ ಇದ್ದಾಗ ತೂಗಿದರೆ ಸುತ್ತಲಿನ ಗಾಳಿ ಮೇಲೇಳ್ತಾ ನಳಿಗೆಯನ್ನೂ ಎತ್ತುತ್ತೆ, ತೂಕ ಕಮ್ಮಿ ತೋರಿಸುತ್ತೆ. ಮೊದಲ ಸಲ ಇದು ಗೊತ್ತಿಲ್ಲದೆ ಖುಷಿಪಟ್ಟಿದ್ದೆ. 9.41, 9.20, 9.03, 8.88, ಕತ್ತಲಾಗೋ ಹೊತ್ತಿಗೆ 8.71. ಬಣ್ಣ ಹುಲ್ಲಿನ ಹಳದಿಯಿಂದ ಟೀ ಡಿಕಾಕ್ಷನ್ ಕಡೆಗೆ. ಬರಬೇಕಾದ್ದು 8.70, ಬಂದದ್ದು 8.71! ಅಕೋನಿಟಿಕ್ ಆಮ್ಲ ಸಿಕ್ಕೇಬಿಟ್ಟಿತು ಅಂತ ಫೋನ್ ಮಾಡಿದೆ.

“ಇನ್ನರ್ಧ ಗಂಟೆ ಇಟ್ಟು ನೋಡು, ನಿಲ್ಲುತ್ತಾ?” ಅಂದಳು.

ನಿಲ್ಲಲಿಲ್ಲ, 8.58. ಎರಡನೇ ಮೆಟ್ಟಿಲು ಮೊದಲನೇದು ಮುಗಿಯೋವರೆಗೆ ಕಾಯ್ತಾ ಇರಲ್ಲ. ಒಂದು ಪಾಲು ಇನ್ನೂ ಸಿಟ್ರಿಕ್ ಆಗಿಯೇ ಉಳಿದಿದ್ದು, ಇನ್ನೊಂದು ಪಾಲು ಆಗಲೇ ಇಟಕೋನಿಕ್ ಕಡೆ ಜಾರಿದ್ದರೂ ಸರಾಸರಿಯಲ್ಲಿ 8.70 ಬರಬಹುದು. ಸ್ಕೇಲು ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಗೆ ಅದರ ಹತ್ತಿರ ಉತ್ತರವೇ ಇರಲಿಲ್ಲ.

ಹಾಗಾದರೆ ಇಂಗಾಲದ ಡೈಆಕ್ಸೈಡ್ ಯಾವಾಗ ಹೊರಡುತ್ತೆ ಅಂತ ಹಿಡೀಬೇಕು. ಮೂರನೇ ಭಾನುವಾರ ಎಲೆ ಅಡಿಕೆ ಸುಣ್ಣ ನೀರಲ್ಲಿ ಕಲಕಿ, ರಾತ್ರಿ ತಿಳಿಯಾಗೋಕೆ ಬಿಟ್ಟು, ಮೇಲಿನ ತಿಳಿ ಬಗ್ಗಿಸಿಕೊಂಡೆ. ನಳಿಗೆಗೆ ರಬ್ಬರ್ ಬಿರಡೆ, ಬಿರಡೆಯಿಂದ ಕೊಳವೆ, ಕೊಳವೆಯ ತುದಿ ಸುಣ್ಣದ ತಿಳಿಯೊಳಗೆ. ಇಂಗಾಲದ ಡೈಆಕ್ಸೈಡ್ ಬಂದರೆ ಆ ತಿಳಿ ಬೆಳ್ಳಗಾಗುತ್ತೆ. ಮೊದಮೊದಲು ಬಂದ ಗುಳ್ಳೆಗಳು ತಿಳಿಯನ್ನ ಹಾಗೇ ಬಿಟ್ಟವು. ಒಂದೂವರೆ ಗಂಟೆಯಾದ ಮೇಲೆ ಕೊಳವೆಯ ಬಾಯಲ್ಲಿ ಹಾಲಿನ ಹನಿ ಬಿದ್ದ ಹಾಗೆ ಬೆಳ್ಳಗೆ ಮಸುಕು. ಹಿಂದಿನ ವಾರದ ಲೆಕ್ಕ ಇಟ್ಟುಕೊಂಡು ನೋಡಿದರೆ ತೂಕ ಆಗ 9ರ ಹತ್ತಿರ ಇದ್ದಿರಬೇಕು, 8.70 ಇನ್ನೂ ದೂರ. ಅನುಮಾನ ನಿಜವೇ.

ಅದನ್ನ ನೋಡ್ತಾ ಹಿಗ್ಗುತ್ತಿದ್ದಾಗ ಕರೆಂಟ್ ಹೋಯಿತು. ಮರಳು ಆರೋಕೆ ಶುರುವಾಯಿತು, ಒಳಗಿನ ಆವಿ ಕುಗ್ಗಿತು, ಸುಣ್ಣದ ನೀರು ಕೊಳವೆಯಲ್ಲಿ ಮೇಲೆ ಹತ್ತಿತು. ಬಿರಡೆ ಕೀಳೋಣ ಅಂತ ಎದ್ದೆ, ಅಷ್ಟರಲ್ಲಿ ಒಂದು ಗುಟುಕು ಒಳಗೆ ಹೋಗಿ ಟಪ್ ಅಂತ ನಳಿಗೆ ಸೀಳಿತು. ಕನ್ನಡಕದ ಮೇಲೆ ಎರಡು ಅಂಟು ಹನಿ. ಅಷ್ಟು ಹೊತ್ತಿನ ಸರಕು ಮರಳಿಗೆ. ತಪ್ಪು ನನ್ನದೇ. ನಡುವೆ ಒಂದು ಖಾಲಿ ಬಾಟಲಿ ಇಟ್ಟಿದ್ದರೆ ಹಿಂದೆ ಎಳೆದ ನೀರು ಅದರಲ್ಲಿ ಬೀಳ್ತಿತ್ತು. ಈಗ ಒಂದು ಉಪ್ಪಿನಕಾಯಿ ಬಾಟಲಿ ನಡುವೆ ಕೂತಿದೆ.

ಹಿಂದಿನ ವಾರ ಉಳಿದಿದ್ದ ಅಂಟನ್ನ ಪರೀಕ್ಷೆಗೆ ಹಚ್ಚಿದೆವು. ದ್ವಿಬಂಧ ಇದ್ದರೆ ಪೊಟ್ಯಾಶಿಯಂ ಪರ್ಮಾಂಗನೇಟಿನ ನೇರಳೆ ಬಣ್ಣ ತಣ್ಣಗಿದ್ದಾಗಲೇ ಹಾರಿಹೋಗುತ್ತೆ. ಹಳೇ ಕಾಲದಲ್ಲಿ ಬಾವಿಗೆ ಹಾಕ್ತಿದ್ದರಲ್ಲ, ಅದೇ ಪುಡಿ. ಮೂರು ಸಣ್ಣ ಗ್ಲಾಸು: ಒಂದರಲ್ಲಿ ಬರೀ ನೀರು, ಒಂದರಲ್ಲಿ ನಿಂಬೆ ಉಪ್ಪು, ಒಂದರಲ್ಲಿ ನಮ್ಮ ಅಂಟು. ನೀರು ಯುಪಿಎಸ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರು ನಂಬೋ ಹಾಗಿಲ್ಲ. ಆಮ್ಲ ಇರೋ ಎರಡಕ್ಕೂ ನೊರೆ ನಿಲ್ಲೋವರೆಗೆ ಅಡುಗೆ ಸೋಡಾ. ಆಮೇಲೆ ಗುಲಾಬಿ ಬಣ್ಣದ ನೀರು ಒಂದೊಂದೇ ಹನಿ. ನೀರು ಗುಲಾಬಿಯಾಗೇ ಇತ್ತು. ನಿಂಬೆ ಉಪ್ಪೂ ಐದು ನಿಮಿಷ ಗುಲಾಬಿ. ಅಂಟಿನ ಗ್ಲಾಸಿನಲ್ಲಿ ಹನಿ ತಾಕಿದ ಜಾಗದಲ್ಲೇ ಗುಲಾಬಿ ಹೋಗಿ ಕಂದು. ಇನ್ನೊಂದು ಹನಿ, ಮತ್ತೆ ಕಂದು. ಹತ್ತನೇ ಹನಿಗೆ ಗ್ಲಾಸಿನ ತಳದಲ್ಲಿ ಕಾಫಿ ಗಸಿಯ ಹಾಗೆ ಮ್ಯಾಂಗನೀಸ್ ಡೈಆಕ್ಸೈಡ್ ಕೂತಿತ್ತು.

ನನಗೆ ಇದೇ ಸಾಕಿತ್ತು. ಅವಳಿಗೆ ಸಾಲಲಿಲ್ಲ. ಕಾಯಿಸಿದಾಗ ಹುಟ್ಟಿದ ಬೇರೆ ಕಂದು ಕಸವೂ ಪರ್ಮಾಂಗನೇಟ್ ತಿನ್ನಬಹುದಂತೆ. ಜೋರಾಗಿ ಕಾಯಿಸಿ ಇಟಕೋನಿಕ್ ಮಾಡೋ ಭಾಗ ಮನೆಯಲ್ಲಿ ಬೇಡ, ಆ ಅನ್‌ಹೈಡ್ರೈಡ್ ಆವಿ ಕಣ್ಣು ಮೂಗಿಗೆ ಒಳ್ಳೇದಲ್ಲ ಅಂತ ಕಾಲೇಜಿನ ಲ್ಯಾಬಿನಲ್ಲೇ, ಮೇಷ್ಟ್ರ ಎದುರಿಗೆ, ಹೊಗೆ ಎಳೆಯೋ ಗೂಡಿನೊಳಗೆ ಮಾಡಿಕೊಂಡು ಬಂದಳು. ಬೇಗ ಬೇಗ ಕಾಯಿಸಿ ಬಟ್ಟಿ ಇಳಿಸಬೇಕಂತೆ. ನಿಧಾನ ಮಾಡಿದರೆ ಇಟಕೋನಿಕ್ ಅನ್‌ಹೈಡ್ರೈಡ್ ತನ್ನ ಅಣ್ಣತಮ್ಮ ಸಿಟ್ರಕೋನಿಕ್ ಅನ್‌ಹೈಡ್ರೈಡಾಗಿ ತಿರುಗುತ್ತೆ, ಅದು ನಮ್ಮ ಹವೆಯಲ್ಲಿ ದ್ರವವಾಗೇ ಉಳಿಯುತ್ತೆ. ಇಳಿದದ್ದಕ್ಕೆ ನೀರು ಸೇರಿಸಿ ಕಾಯಿಸಿ ಆರಿಸಿದರೆ ಹರಳು. ಇಂಜೆಕ್ಷನ್ ಶೀಶೆಯಲ್ಲಿ ಒಂದೆರಡು ಗ್ರಾಂ ತಂದುಕೊಟ್ಟಳು, ಬೆಳ್ಳಗೆ, ಮುರಿದ ಕಲ್ಲುಸಕ್ಕರೆಯ ಹಾಗೆ. ಲ್ಯಾಬಿನಲ್ಲಿ ಅದು 163ರಿಂದ 165ರಲ್ಲಿ ಕರಗಿತಂತೆ. ಶುದ್ಧವಾದದ್ದಕ್ಕೆ ಪುಸ್ತಕದಲ್ಲಿ 165ರಿಂದ 168.

ನನ್ನ ಬೆಂಚಿನ ಮೇಲೆ ನಾನೂ ಒಂದು ನೋಡಿದೆ. ಎರಡು ಗ್ಲಾಸಿನಲ್ಲಿ ಐದೈದು ಎಂಎಲ್ ತಣ್ಣೀರು, ಒಂದಕ್ಕೆ ಒಂದು ಗ್ರಾಂ ನಿಂಬೆ ಉಪ್ಪು, ಇನ್ನೊಂದಕ್ಕೆ ಒಂದು ಗ್ರಾಂ ಈ ಹರಳು. ನಿಂಬೆ ಉಪ್ಪು ನಾಲ್ಕು ಸಲ ಅಲ್ಲಾಡಿಸೋದರೊಳಗೆ ಮಾಯ. ಹರಳು ಅರ್ಧಕ್ಕಿಂತ ಜಾಸ್ತಿ ತಳದಲ್ಲೇ ಕೂತಿತು. ತಣ್ಣೀರಿನಲ್ಲಿ ಇಟಕೋನಿಕ್ ಕರಗೋದು ನೂರು ಎಂಎಲ್‌ಗೆ ಸುಮಾರು ಎಂಟು ಗ್ರಾಂ ಅಷ್ಟೇ. ಬಿಸಿನೀರಿನ ಬಟ್ಟಲಲ್ಲಿ ಇಟ್ಟೆ, ಎಲ್ಲ ಕರಗಿತು. ಆರೋಕೆ ಬಿಟ್ಟೆ, ಸಾಯಂಕಾಲಕ್ಕೆ ಗ್ಲಾಸಿನ ಗೋಡೆಗೆ ಹರಳು ಮತ್ತೆ ಹತ್ತಿಕೊಂಡಿತ್ತು. ಒಂದೇ ಪೊಟ್ಟಣದ ಪುಡಿಯಿಂದ ಹುಟ್ಟಿದ್ದು ಅಂದರೆ ನಂಬೋದು ಕಷ್ಟ.

ಹೆಸರಿನ ಕಥೆ ಚೆನ್ನಾಗಿದೆ. ಅಕೋನಿಟಿಕ್ ಅನ್ನೋದು ಅಕೋನಿಟಮ್‌ನಿಂದ, ಅಂದರೆ ನಮ್ಮ ವತ್ಸನಾಭಿಯ ಜಾತಿಯ ಗಿಡ. ಆ ಗಿಡದ ವಿಷ ಅಕೋನಿಟಿನ್ ಅನ್ನೋ ಬೇರೆಯೇ ವಸ್ತು, ಈ ಆಮ್ಲಕ್ಕೂ ಅದಕ್ಕೂ ಮನೆ ಒಂದೇ ಅಷ್ಟೇ. ಇಟಕೋನಿಕ್ ಅನ್ನೋದಕ್ಕೆ ಯಾವ ಗಿಡವೂ ಇಲ್ಲ. ಇಂಗ್ಲಿಷ್ ಕಾಗುಣಿತದಲ್ಲಿ ಅಕೋನಿಟಿಕ್‌ನ ಅಕ್ಷರಗಳನ್ನೇ ಹಿಂದೆ ಮುಂದೆ ಮಾಡಿದರೆ ಇಟಕೋನಿಕ್! ಸಿಟ್ರಿಕ್ ಆಮ್ಲವನ್ನ ಬಟ್ಟಿ ಇಳಿಸಿ ಇದನ್ನ ಮೊದಲು ಕಂಡವನು ಬೌಪ್, 1830ರ ದಶಕದಲ್ಲಿ. ಈಗ ಕಾರ್ಖಾನೆಗಳಲ್ಲಿ ಯಾರೂ ಹೀಗೆ ಕಾಯಿಸಲ್ಲ, ಆಸ್ಪರ್ಜಿಲಸ್ ಟೆರಿಯಸ್ ಅನ್ನೋ ಬೂಷ್ಟಿಗೆ ಸಕ್ಕರೆ ತಿನ್ನಿಸಿ ಮಾಡಿಸುತ್ತಾರೆ. ಆ ದ್ವಿಬಂಧ ಇರೋದರಿಂದಲೇ ಅದು ಪ್ಲಾಸ್ಟಿಕ್ಕು, ಲ್ಯಾಟೆಕ್ಸಿನ ಸರಪಳಿಗೆ ಕೊಂಡಿಯಾಗಿ ಸೇರುತ್ತೆ.

ನನಗೆ ನಿಜಕ್ಕೂ ತಲೆಕೆಟ್ಟಿದ್ದು ಇನ್ನೊಂದು ಮಾತಿಗೆ. ನಮ್ಮ ಮೈಯ ಜೀವಕೋಶಗಳೂ ಇದೇ ಕೆಲಸ ಮಾಡುತ್ತವಂತೆ, ಸಿಟ್ರೇಟಿನಿಂದ ನೀರು ತೆಗೆದು ಅಕೋನಿಟೇಟ್, ನೀರನ್ನ ಬೇರೆ ಜಾಗಕ್ಕೆ ಸೇರಿಸಿ ಐಸೋಸಿಟ್ರೇಟ್. ಜೀವಕೋಶ ಆಹಾರದಿಂದ ಶಕ್ತಿ ತೆಗೆಯೋಕೆ ಒಂದು ಚಕ್ರ ತಿರುಗಿಸುತ್ತೆ, 1937ರಲ್ಲಿ ಕ್ರೆಬ್ಸ್ ಅನ್ನೋ ವಿಜ್ಞಾನಿ ಕಂಡದ್ದು, ಅದರ ಒಂದು ಹಲ್ಲು ಇದು. ಅದಕ್ಕೊಂದು ಕಿಣ್ವ ಇದೆ, 37 ಡಿಗ್ರಿಯಲ್ಲಿ, ಹೊಗೆ ಇಲ್ಲದೆ, ಹತ್ತಿ ಸುತ್ತಿದ ಕಡ್ಡಿ ಇಲ್ಲದೆ. ನಾನು ನಾಲ್ಕು ವಾರ ಇಸ್ತ್ರಿ ಪೆಟ್ಟಿಗೆ ಜೊತೆ ಗುದ್ದಾಡಿದೆ. ಅಕೋನಿಟಿಕ್‌ನಲ್ಲೂ ಎರಡು ಬಗೆ: ದ್ವಿಬಂಧದ ಎರಡು ತುದಿಯ ಮುಖ್ಯ ತುಂಡುಗಳು ಒಂದೇ ಬದಿಗಿದ್ದರೆ ಸಿಸ್, ಎದುರುಬದುರಾದರೆ ಟ್ರಾನ್ಸ್. ಮೈಯಲ್ಲಿ ಸಿಗೋದು ಸಿಸ್ ಬಗೆ, ಕಾಯಿಸಿದರೆ ಉಳಿಯೋದು ಹೆಚ್ಚಾಗಿ ಟ್ರಾನ್ಸ್. ಕಬ್ಬಿನ ಹಾಲಿನಲ್ಲಿರೋದೂ ಆ ಟ್ರಾನ್ಸ್ ಬಗೆಯೇ. ಸಕ್ಕರೆ ಕಾರ್ಖಾನೆಯ ಆವಿಯಂತ್ರಗಳ ಕೊಳವೆಯೊಳಗೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಪದರ ಕಟ್ಟುತ್ತೆ ಅಂತ ಮಗಳು ಹೇಳಿದಾಗ ನಗು ಬಂತು. ನಾನು ಪದರ ತೆಗೆಯೋಕೆ ಹೊರಟವನು, ಪದರ ಕಟ್ಟೋದನ್ನ ಮಾಡಿಟ್ಟಿದ್ದೆ.

ಗೀಸರ್ ವಿಷಯಕ್ಕೆ ಬಂದರೆ, ಕಾಯಿಸಿದ್ದೇ ತಪ್ಪು. ಸುಣ್ಣ ಕರಗಿ ಹುಟ್ಟೋ ಕ್ಯಾಲ್ಸಿಯಂ ಸಿಟ್ರೇಟ್ ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಮ್ಮಿ ಕರಗುತ್ತೆ. ಕುದಿಸಿದರೆ ಅದೇ ಬೆಳ್ಳಗೆ ಮತ್ತೆ ಎಲಿಮೆಂಟಿಗೆ ಹತ್ತಿಕೊಳ್ಳುತ್ತೆ. ಈಗ ಲೀಟರಿಗೆ 50 ಗ್ರಾಂ, ಉಗುರುಬೆಚ್ಚಗೆ, ರಾತ್ರಿಯೆಲ್ಲ, ಮಾರನೇ ದಿನ ಹೊಸ ನೀರಲ್ಲಿ ಇನ್ನೊಂದು ಸಲ. ಸಂಜೆಗೇ ಬೇಕು ಅನ್ನೋರಿಗೆ ಆಗಲ್ಲ ಅಂತೀನಿ.

ಪಾತ್ರೆಯ ಅಂಟು ಎರಡು ದಿನ ಬಿಸಿನೀರಲ್ಲಿ ನೆನೆಸಿದ ಮೇಲೆ ಪೂರ್ತಿ ಬಿಟ್ಟಿತು, ತಳ ಮೊದಲಿಗಿಂತ ಬೆಳ್ಳಗೆ ಹೊಳೀತಿತ್ತು. ಆದರೂ ಅಡುಗೆಮನೆಗೆ ವಾಪಸ್ ಸೇರಿಸಲಿಲ್ಲ. ಹೊಸದೊಂದು ತಂದುಕೊಟ್ಟೆ. ಮನೆಯವಳು ತಳಕ್ಕೆ ಬೆರಳಲ್ಲಿ ತಟ್ಟಿ ನೋಡಿ, “ಅದು ಇದಕ್ಕಿಂತ ದಪ್ಪ ಇತ್ತು” ಅಂದಳು.